ಜಿಂಕೆ ಕಾಲಿಗೆ ಗ್ರೀಸು

ನವೆಂಬರ್ 3, ಸೋಮವಾರ

ಇಪ್ಪತ್ತಾರು ವರ್ಷ ಅಕ್ಕಿ ಮಿಲ್ಲಿನಲ್ಲಿ ಫಿಟ್ಟರ್ ಆಗಿ ದುಡಿದ ಮೇಲೆ ಇವತ್ತು ಸಾವ್ಕಾರರು ನನ್ನ ಕೈಗೆ ಎರಡು ಕಾಲು ಕೊಟ್ಟರು. ಮನುಷ್ಯನ ಕಾಲಲ್ಲ, ಮನುಷ್ಯ ತನ್ನ ಕಾಲಿಗೆ ಕಟ್ಟಿಕೊಳ್ಳುವ ಕಾಲು. ಮೊಣಕಾಲಿನ ಕೆಳಗೆ ಬಿಗಿಯಲು ಒಂದು ಪಟ್ಟಿ, ಪಾದ ಇಡಲು ಒಂದು ತಟ್ಟೆ, ಹಿಂದುಗಡೆ ಬಿಲ್ಲಿನಂತೆ ಬಾಗಿದ ಕಪ್ಪು ಕಮಾನು, ತುದಿಗೆ ರಬ್ಬರಿನ ಗೊರಸು. ಕಟ್ಟಿಕೊಂಡು ಕುಪ್ಪಳಿಸಿದರೆ ಕಮಾನು ಬಗ್ಗಿ, ಕಟ್ಟಿಕೊಂಡವನನ್ನು ಆಳೆತ್ತರ ಎತ್ತಿ ಒಗೆಯುತ್ತದಂತೆ. ಮೋಟರಿಲ್ಲ, ಬೆಲ್ಟಿಲ್ಲ, ನೆಲಕ್ಕೆ ಬಿಗಿಯಲು ಒಂದು ಬೋಲ್ಟೂ ಇಲ್ಲ. ಇದನ್ನು ಯಂತ್ರ ಅಂತ ಕರೆಯಬೇಕಂತೆ.

ನಮ್ಮ ಅಕ್ಕಿ ಎರಡು ಜಿಂಕೆ ಮಾರ್ಕಿನದು. "ಜಿಂಕಿ ಚೀಲದ ಮ್ಯಾಲ ಸುಮ್ನ ನಿಂತ್ರ ಯಾರ್ ನೋಡ್ತಾರ ಗ್ಯಾನಪ್ಪಣ್ಣ. ಜಿಗದ್ರ ನೋಡ್ತಾರ," ಅಂದರು ವೀರೇಂದ್ರ ಸಾವ್ಕಾರರು. ಅವರ ತಂದೆಯ ಕಾಲದಲ್ಲಿ ಜಿಂಕೆ ಸುಮ್ಮನೆ ನಿಂತಿತ್ತು, ಅಕ್ಕಿಯೂ ಹೋಗುತ್ತಿತ್ತು. ಈಗ ಕೊಂಬು ಕಟ್ಟಿಕೊಂಡ ಒಬ್ಬ ಮನುಷ್ಯ ಸಿಂಧನೂರಿನ ಸುತ್ತ ಹಳ್ಳಿಗಳಲ್ಲಿ, ಆಮೇಲೆ ಮಸ್ಕಿಯಲ್ಲಿ, ಕಡೆಗೆ ಈ ತಿಂಗಳ ಮೂವತ್ತಕ್ಕೆ ಲಿಂಗಸುಗೂರಿನಲ್ಲಿ ವ್ಯಾಪಾರಿಗಳೆಲ್ಲ ಸೇರುವ ದಿನ ಜಿಗಿಯಬೇಕು. ಕಾಲುಗಳ ಉಸ್ತುವಾರಿ ನನ್ನದು.

ಜಿಗಿಯುವವನು ಕನಕರಾಜ. ನನ್ನ ಹೆಂಡತಿ ಗ್ಯಾನಮ್ಮನ ಒಬ್ಬನೇ ತಮ್ಮ. ಅವನಿಗೂ ನನಗೂ ಒಂಬತ್ತು ವರ್ಷದಿಂದ ಮಾತಿಲ್ಲ. ಅವನ ಮದುವೆಯ ಹಿಂದಿನ ದಿನ ನಾನೇ ಅವನ ಗಾಡಿ ಸರ್ವಿಸ್ ಮಾಡಿಕೊಟ್ಟಿದ್ದೆ. ಮೆರವಣಿಗೆಯಲ್ಲಿ ಚೈನ್ ಕಳಚಿತು. ಬೀಗರೆಲ್ಲರ ಮುಂದೆ ಅವನು, "ನಮ್ಮ ಮಾಮಾ ಮುಟ್ಟಿದ ಗಾಡಿ ಮನಿ ಮುಟ್ಟಂಗಿಲ್ಲ," ಅಂದ. ಚೈನ್ ಸರಿಯಾಗಿಯೇ ಇತ್ತು. ಗಾಡಿಯ ಮೇಲೆ ಅವನು, ಮದುಮಗಳು, ಮದುಮಗಳ ತಂಗಿ, ಒಂದು ಸೂಟ್‌ಕೇಸು. ಇದನ್ನು ಮನೆಯಲ್ಲಿ ಹೇಳುವಂತಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನವೆಂಬರ್ 4, ಮಂಗಳವಾರ

ಪೆಟ್ಟಿಗೆಯೊಳಗಿನ ಸೂಚನೆಯ ಕಾಗದ ಪೂರಾ ಚೀನೀ ಭಾಷೆಯಲ್ಲಿದೆ. ಚಿತ್ರಗಳಿವೆ. ಒಂದರಲ್ಲಿ ಎಣ್ಣೆಯ ಡಬ್ಬಿ, ಅದರ ಮೇಲೆ ಅಡ್ಡಡ್ಡ ಕೆಂಪು ಗೀಟು. ಡಬ್ಬಿ ಖಾಲಿಯಾದ ಮೇಲೆ ಕಂಡಲ್ಲಿ ಎಸೆಯಬೇಡಿ ಅಂತಿರಬೇಕು.

ಲಾರಿಯ ಕಮಾನು ಪಟ್ಟಿಗೆ ಹೇಗೆ ಗ್ರೀಸು ಹಚ್ಚುತ್ತೇವೋ ಹಾಗೇ ಹಚ್ಚಿದೆ. ಕೀಲಿಗೆ, ಕಮಾನಿಗೆ, ತಟ್ಟೆಗೆ, ಗೊರಸಿಗೆ. ಜಿಪುಣತನ ಮಾಡಲಿಲ್ಲ. ನಾಳೆ ಯಾರೂ ನನ್ನ ಕೆಲಸಕ್ಕೆ ಬೆರಳು ತೋರಿಸುವಂತಿರಬಾರದು.

ನವೆಂಬರ್ 5, ಬುಧವಾರ

ಬೆರಳು ತೋರಿಸಿದರು.

ಕನಕರಾಜ ಲಾರಿಯ ಹಿಂಬದಿಗೆ ಕುಳಿತು ಕಾಲು ಕಟ್ಟಿಕೊಂಡು ಎದ್ದ. ಮೊದಲ ಹೆಜ್ಜೆ ಸರಿಯಿತ್ತು. ಎರಡನೆಯದಕ್ಕೆ ಎರಡೂ ಗೊರಸು ಜಾರಿ, ಕುಂಡಿಯ ಮೇಲೆ ಕುಳಿತು, ಗೋದಾಮಿನ ಈ ತುದಿಯಿಂದ ಆ ತುದಿಗೆ ಬಂದು, ಚೀಲ ತೂಗುವ ಕಾಟಾದ ಮೇಲೆ ನಿಂತ. ಕಾಟಾ ನೋಡುವ ಉಸ್ಮಾನ್‌ಸಾಬ್ ರೂಢಿಯ ಮೇಲೆ, "ಎಂಬತ್ತಾರೂವರಿ," ಅಂತ ಕೂಗಿ ಬರೆದುಕೊಂಡ. ಹಮಾಲರು ಚೀಲ ಇಳಿಸಿ ನಕ್ಕರು. ನಾನು ನಗಲಿಲ್ಲ.

ಕನಕರಾಜ ಕುಳಿತಲ್ಲಿಂದಲೇ ಹೇಳಿದ. "ಉಸ್ಮಾನ್‌ಸಾಬ್, ಗೊರಸಿಗಿ ಯಾರರ ಗ್ರೀಸ್ ಹಚ್ತಾರೇನ್ರಿ? ಹಚ್ಚಿದವ್ರಿಗಿ ಕೇಳ್ರಿ ಒಂದೀಟು."

ನಾನೂ ಉಸ್ಮಾನ್‌ಸಾಬನಿಗೇ ಹೇಳಿದೆ. "ಯಂತ್ರ ಏರಾಂವಗ ಮೊದ್ಲು ನಿಂದ್ರಾಕ ಬರಬೇಕಂತ ಹೇಳ್ರಿ ಅವಗ."

"ನಾ ಕಾಟಾ ನೋಡಾಂವ ಅದೀನಿ, ಟಪಾಲು ಹಂಚಾಂವಲ್ಲ," ಅಂದ ಉಸ್ಮಾನ್‌ಸಾಬ್. ಒಳಗೆ ಹೋಗಿ ಬಳಪದಲ್ಲಿ ಬರೆಯುವ ಒಂದು ಪಾಟಿ ತಂದು ಜಿಂಕೆ ಕಾಲುಗಳ ಗೂಟಕ್ಕೆ ನೇತುಹಾಕಿದ. ನಮ್ಮ ಮಿಲ್ಲಿನಲ್ಲಿ ಎಲ್ಲ ಯಂತ್ರಕ್ಕೂ ಹೀಗೊಂದು ಪಾಟಿ ಇರುತ್ತದೆ. ಯಂತ್ರ ನಡೆಸುವವನು ಏನು ಕೆಟ್ಟಿದೆ ಅಂತ ಬರೆಯುತ್ತಾನೆ, ಫಿಟ್ಟರ್ ಏನು ಮಾಡಿದೆ ಅಂತ ಬರೆಯುತ್ತಾನೆ, ಸಾವ್ಕಾರರು ಬೆಳಿಗ್ಗೆ ಬಂದು ಓದುತ್ತಾರೆ. ಬಾಯಿ ಬೇಕಾಗಿಲ್ಲ. ಒಳ್ಳೆಯ ಪದ್ಧತಿ.

ನವೆಂಬರ್ 8, ಶನಿವಾರ

ಉಸ್ಮಾನ್‌ಸಾಬನ ಮಗಳು ಮೆಹರಬಾನು ಕಾಲೇಜಿಗೆ ಹೋಗುವವಳು. ಚೀನೀ ಕಾಗದದ ಮೇಲೆ ಫೋನು ಹಿಡಿದು ಓದಿ ಹೇಳಿದಳು. ಕಮಾನು ಕಬ್ಬಿಣದ್ದಲ್ಲ, ನಾರಿನದು. ಅದಕ್ಕೆ ಎಣ್ಣೆ, ಗ್ರೀಸು ಮುಟ್ಟಿಸಬಾರದು, ಒಣ ಬಟ್ಟೆಯಲ್ಲಿ ಒರೆಸಿ ಸೀಳು ಬಿಟ್ಟಿದೆಯೇ ಅಂತ ದಿನಾ ನೋಡಬೇಕು. ರಬ್ಬರಿಗೆ ಎಣ್ಣೆ ಸೋಕಲೇಬಾರದು. ಗ್ರೀಸು ಬೇಕಾದದ್ದು ಕೀಲಿನೊಳಗೆ ಬಳೆಯಂತೆ ಕೂರುವ ನಾಲ್ಕು ಬುಷ್‌ಗಳಿಗೆ ಮಾತ್ರ, ಅದೂ ಕಡಲೆಕಾಳಿನಷ್ಟು. ನಾನು ಒಂದು ಕಾಲಿಗೇ ಅರ್ಧ ಡಬ್ಬಿ ಬಳಿದಿದ್ದೆ. ಅವಳು ನಗಲಿಲ್ಲ, ಒಳ್ಳೆಯ ಹುಡುಗಿ.

ಪಾಟಿಯ ಮೇಲೆ ಇವತ್ತು ನಡೆದದ್ದು:

"ಗೊರಸು ಜಾರುತ್ತದೆ. ಎಡ ಕೀಲು ಕಿರ್ ಎನ್ನುತ್ತದೆ. ಚಾಲಕ."

"ಗೊರಸು ಸೋಪಿನ ನೀರಿನಲ್ಲಿ ತೊಳೆಯಲಾಗಿದೆ. ಕೀಲಿಗೆ ಗ್ರೀಸು ಕೊಡಲಾಗಿದೆ. ಚಾಲಕನು ಹಲ್ಲಿಯಂತೆ ಕೈಕಾಲು ಚೆಲ್ಲದೆ ನೆಟ್ಟಗೆ ಇಳಿಯತಕ್ಕದ್ದು. ಫಿಟ್ಟರ್."

"ಹಲ್ಲಿ ಎಂಬುದು ಯಂತ್ರಕ್ಕೆ ಸಂಬಂಧಿಸಿದ್ದಲ್ಲ. ಚಾಲಕ."

"ಅಳಿಸಲಾಗಿದೆ. ಫಿಟ್ಟರ್."

ನವೆಂಬರ್ 9, ಭಾನುವಾರ

ರೊಟ್ಟಿ ಬಡಿಯುತ್ತಾ ಗ್ಯಾನಮ್ಮ ಕೇಳಿದಳು. "ಅದು ಮುರದೀತೇನು?"

"ಕಮಾನಾ? ಮುರಿಯಂಗಿಲ್ಲ."

"ಕಮಾನು ಯಾರ್ ಕೇಳಿದ್ರು? ನನ್ನ ತಮ್ಮನ ಕಾಲು."

ನಾನು ನೀರು ಕುಡಿದು ಎದ್ದೆ. ಸತ್ಯ ಹೇಳಬೇಕೆಂದರೆ ಈ ಹೆದರಿಕೆ ನನಗೂ ಇದೆ. ಭತ್ತ ಸುಲಿಯುವ ಹಾಲರಿನ ಬೋಲ್ಟು ಸಡಿಲಾದರೆ ಅಕ್ಕಿ ನುಚ್ಚಾಗುತ್ತದೆ, ಅಷ್ಟೇ. ಈ ಬೋಲ್ಟುಗಳ ಮೇಲೆ ಈಕೆಯ ಒಬ್ಬನೇ ತಮ್ಮ ನಿಂತಿರುತ್ತಾನೆ. ನನ್ನ ಕೈಯಿಂದ ಅವನಿಗೇನಾದರೂ ಆದರೆ ಈ ಮನೆಯಲ್ಲಿ ಯಾವ ಮುಖ ಇಟ್ಟುಕೊಂಡು ಊಟಕ್ಕೆ ಕೂರಲಿ.

ನವೆಂಬರ್ 12, ಬುಧವಾರ

ಗೊರೇಬಾಳಕ್ಕೆ ಹೋಗಿದ್ದೆ, ಯಂತ್ರ ನೋಡಲು. ಕನಕರಾಜ ತಲೆಗೆ ತಂತಿಯ ಕೊಂಬು, ಮೈಗೆ ಚುಕ್ಕೆಚುಕ್ಕೆಯ ಬನಿಯನ್ನು ಹಾಕಿಕೊಂಡು ಕಾಲುವೆಯ ದಂಡೆಯ ಮೇಲೆ ಜಿಗಿಯುತ್ತಾ ಬಂದ. ಹಿಂದೆ ಆಟೋದಲ್ಲಿ ಮೈಕು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಎದ್ದು ನಿಂತರು. ಕಟ್ಟೆಯ ಮೇಲೆ ಕುಳಿತಿದ್ದ ಮುದುಕನೊಬ್ಬ ನನ್ನನ್ನು ಕೇಳಿದ, "ಯಾವ ಪಾರ್ಟಿ ಇದು?"

"ಪಾರ್ಟಿ ಅಲ್ರಿ. ಅಕ್ಕಿ."

"ಹಂಗಾರ ಯಾಕ ಅಷ್ಟು ಮ್ಯಾಲಿಂದ ಬರಾಕತ್ತಾನ?" ಅಂದ.

ಒಂದು ಎಮ್ಮೆ ಹಗ್ಗ ಹರಿದುಕೊಂಡು ಗದ್ದೆಗೆ ಬಿತ್ತು. ಆದರೂ ಜನ ಚಪ್ಪಾಳೆ ಹೊಡೆದರು. ಮೂರನೆಯ ಸುತ್ತಿಗೆ ಎಡ ಕೀಲು ಕಿರ್ ಅಂದದ್ದು ಮೈಕಿನ ಗದ್ದಲದಲ್ಲೂ ನನಗೆ ಕೇಳಿಸಿತು. ಎತ್ತರಕ್ಕೇನೋ ಚೆನ್ನಾಗಿಯೇ ಜಿಗಿಯುತ್ತಾನೆ. ಇದನ್ನು ಪಾಟಿಯ ಮೇಲೆ ಬರೆಯುವ ಅಗತ್ಯವಿಲ್ಲ.

ನವೆಂಬರ್ 13, ಗುರುವಾರ

ಕಿರ್ ನಿಂತಿದೆ. ಭತ್ತದ ಹೊಟ್ಟಿನ ಧೂಳು ಬುಷ್‌ನೊಳಗೆ ಸೇರಿತ್ತು. ಚಾಲಕನಿಗೆ ಜ್ವರವಂತೆ, ಬಂದಿಲ್ಲ. ನಟ್ಟುಗಳನ್ನೆಲ್ಲ ಮತ್ತೊಮ್ಮೆ ಬಿಗಿದೆ. ಬಿಗಿಯಾಗಿಯೇ ಇದ್ದವು.

ನವೆಂಬರ್ 16, ಭಾನುವಾರ

ಮುಕ್ಕುಂದದಲ್ಲಿ ಜಿಗಿತ. ಕೊಯ್ಲಾದ ಗದ್ದೆಯಲ್ಲಿ ಇನ್ನೂ ಹಸಿಯಿತ್ತು. ಮೇಲಕ್ಕೆ ಹೋಗುವಾಗ ಇಬ್ಬರ ತೂಕದ ಕೆಸರೂ ಜೊತೆಗೆ ಹೋಯಿತು. ವಾಪಸು ಬಂದು ಮೂರು ತಾಸು ತೊಳೆದೆ.

ಚಾಲಕ ಕಡೆಯ ಎರಡು ಜಿಗಿತಕ್ಕೆ ಮುಂದಕ್ಕೆ ವಾಲುತ್ತಿದ್ದ. ವಿಚಾರಿಸಿದರೆ ಬೆಳಿಗ್ಗೆಯಿಂದ ಬರೀ ಚಹಾ. ಪಾಟಿಯ ಮೇಲೆ ಬರೆದೆ: "ಚಾಲಕನು ಊಟ ಮಾಡದೆ ಯಂತ್ರ ಏರತಕ್ಕದ್ದಲ್ಲ. ಹೊಟ್ಟೆ ಖಾಲಿ ಇದ್ದರೆ ಭಾರ ಮುಂದಕ್ಕೆ ಹೋಗಿ ಬುಷ್ ಸವೆಯುತ್ತದೆ. ಫಿಟ್ಟರ್."

ಸಂಜೆ ಉತ್ತರವಿತ್ತು. "ಎರಡು ರೊಟ್ಟಿ ಸಾಕೇ? ಚಾಲಕ."

"ಮೂರು. ಎಂಬತ್ತಾರೂವರೆ ಕೆಜಿಗೆ ಎರಡು ಸಾಲುವುದಿಲ್ಲ. ಫಿಟ್ಟರ್."

ಗ್ಯಾನಮ್ಮನಿಗೆ ನಾಳೆಯಿಂದ ಬುತ್ತಿಯಲ್ಲಿ ಮೂರು ರೊಟ್ಟಿ ಹೆಚ್ಚು ಕಟ್ಟಲು ಹೇಳಿದೆ. ಯಾರಿಗೆ ಅಂತ ಕೇಳಿದಳು. ಬುಷ್‌ಗೆ ಅಂದೆ.

ನವೆಂಬರ್ 20, ಗುರುವಾರ, ಅಮಾವಾಸ್ಯೆ

ಅಮಾವಾಸ್ಯೆಗೆ ಮಿಲ್ಲಿನ ಎಲ್ಲ ಯಂತ್ರಗಳಿಗೂ ಪೂಜೆ. ಹಿಂದಿನ ದಿನವೇ ಕೀಲುಗಳನ್ನು ಬಿಚ್ಚಿ ಡೀಸೆಲ್‌ನಲ್ಲಿ ತೊಳೆದು ತೆರೆದಿಡುತ್ತೇನೆ. ದೇವರ ಮುಂದೆ ಯಂತ್ರ ಮೈ ತೊಳೆದುಕೊಂಡು ನಿಲ್ಲಬೇಕು ಎಂಬುದು ಹಳೆಯ ಸಾವ್ಕಾರರ ಕಾಲದಿಂದ ಬಂದ ರೂಢಿ. ಹಾಲರಿಗೆ, ಪಾಲಿಶರಿಗೆ, ಬಾಯ್ಲರಿಗೆ, ಕಾಟಾಕ್ಕೆ ವಿಭೂತಿ, ಕುಂಕುಮ, ಒಂದೊಂದು ಕಾಯಿ.

ಜಿಂಕೆ ಕಾಲುಗಳಿಗೂ ಆಯಿತು. ಮನೆಯಿಂದ ನಮ್ಮ ಬೀರಪ್ಪ ದೇವರ ಭಂಡಾರ ಒಯ್ದಿದ್ದೆ. ಅರಿಶಿನದ ಪುಡಿಯೇ, ಆದರೆ ದೇವರ ಮುಂದೆ ಇಟ್ಟದ್ದು. ಬೇರೆ ಯಂತ್ರಗಳಿಗೆ ಚಿಟಿಕೆ ಹಾಕಿದೆ. ಇವಕ್ಕೆ ಒಂದೊಂದಕ್ಕೂ ಒಂದು ಮುಷ್ಟಿ, ತೆರೆದಿಟ್ಟ ಕೀಲಿನೊಳಗೂ ಬೀಳುವಂತೆ. ಅಪಾಯ ಇರುವುದೇ ಅಲ್ಲಿ ಅಲ್ಲವೇ. ಆಮೇಲೆ ಗ್ರೀಸು ಕೊಟ್ಟು ಮುಚ್ಚಿದೆ.

"ಯಾರ ಹೆಸರಿಗಪ್ಪ ಇಷ್ಟು?" ಅಂದ ಉಸ್ಮಾನ್‌ಸಾಬ್.

"ಯಂತ್ರದ ಹೆಸರಿಗೆ," ಅಂದೆ. ಬೇರೆ ಯಾರ ಹೆಸರಿಗೆ ಹಾಕಲಿ.

ನವೆಂಬರ್ 23, ಭಾನುವಾರ

ಬಿದ್ದ.

ಮಸ್ಕಿಯ ಬಸ್ ಸ್ಟ್ಯಾಂಡಿನ ಎದುರು. ಏಳನೆಯ ಜಿಗಿತ. ಕೆಳಗಿಳಿಯುವಾಗ ಎಡ ಕೀಲು ಹಿಡಿದುಕೊಂಡಿತು, ಮಡಿಚಿಕೊಳ್ಳಲಿಲ್ಲ. ನಾನು ಹತ್ತು ಮಾರು ದೂರದಲ್ಲಿದ್ದೆ. ಎರಡು ಆಟೋಗಳ ನಡುವೆ ಬಿದ್ದ. ಒಂದು ಕೊಂಬು ಆಟೋದ ರೆಕ್ಸಿನ್ ಮೇಲುಹೊದಿಕೆಯಲ್ಲಿ ಸಿಕ್ಕಿಕೊಂಡಿತು. ಆಟೋದವನಿಗೆ ಅದು ಗೊತ್ತಾಗದೆ ಆಟೋ ಮುಂದಕ್ಕೆ ಬಿಟ್ಟ. ಕೊಂಬು ಹೋಯಿತು, ಕನಕರಾಜ ಉಳಿದ.

ಮೂಳೆ ಮುರಿದಿಲ್ಲ. ಮೊಣಕೈ ಉಳುಕಿದೆ, ಮೊಣಕಾಲು ಬಾತಿದೆ. ಶನಿವಾರದ ತನಕ ಕಾಲಿನ ಮೇಲೆ ಜೋರು ಹಾಕಬಾರದು ಅಂದರು ಡಾಕ್ಟರು.

ಸಾವ್ಕಾರರು ಅಲ್ಲೇ ಹೇಳಿಬಿಟ್ಟರು. "ಇವಗ ಇಳಿಯಾಕ ಬರಂಗಿಲ್ಲ. ಲಿಂಗಸುಗೂರಿಗಿ ಬ್ಯಾರೆ ಹುಡುಗನ್ನ ನೋಡೀನಿ, ಜಿಮ್ಮಿಗಿ ಹೋಗಾಂವ. ಇವಂದು ಸಾಕು."

ಕನಕರಾಜ ನನ್ನ ಕಡೆ ನೋಡಿದ. ನಾನು ಕಾಲುಗಳನ್ನು ಗೋಣಿಚೀಲದಲ್ಲಿ ಸುತ್ತುತ್ತಿದ್ದೆ. ಯಂತ್ರ ಬಿಚ್ಚಿ ನೋಡದೆ ಏನಂತ ಹೇಳುವುದು.

ಗ್ಯಾನಮ್ಮ ಊಟಕ್ಕೆ ಬಡಿಸಿದಳು. ಬೈದಿದ್ದರೆ ಚೆನ್ನಾಗಿತ್ತು.

ನವೆಂಬರ್ 24, ಸೋಮವಾರ

ಬಿಚ್ಚಿದೆ. ನಾಲ್ಕೂ ಬುಷ್‌ಗಳೊಳಗೆ ಹಳದಿ. ಭಂಡಾರ ಗ್ರೀಸನ್ನೆಲ್ಲ ಹೀರಿಕೊಂಡು ಒಣಗಿ ಗಟ್ಟಿಯಾಗಿದೆ. ಎಡಗಡೆಯದನ್ನು ಚಾಕುವಿನ ತುದಿಯಿಂದ ಕೆರೆದು ತೆಗೆಯಬೇಕಾಯಿತು.

ದೇವರದೇನೂ ತಪ್ಪಿಲ್ಲ. ಕೀಲು ಮುಚ್ಚಿ ಪೂಜೆ ಮಾಡಬೇಕಾಗಿತ್ತು. ಅಥವಾ ಆಮೇಲೆ ತೊಳೆಯಬೇಕಾಗಿತ್ತು. ಇಪ್ಪತ್ತಾರು ವರ್ಷ ಹಾಲರಿಗೆ ಚಿಟಿಕೆ ಹಾಕಿ ಏನೂ ಆಗಿರಲಿಲ್ಲ. ಈ ಸಲ ಮುಷ್ಟಿ ಹಾಕಿದವನು ನಾನು.

ಪಾಟಿಯ ಮೇಲೆ ಏನೂ ಬರೆಯಲಿಲ್ಲ.

ನವೆಂಬರ್ 25, ಮಂಗಳವಾರ

ಮೂರು ಸಲ ಬರೆದು ಮೂರು ಸಲ ಅಳಿಸಿದೆ.

ಮೊದಲನೆಯದು: "ಕೀಲಿನಲ್ಲಿ ಧೂಳು ಸೇರಿತ್ತು." ಸುಳ್ಳಲ್ಲ. ಎರಡನೆಯದು: "ಕೀಲಿನಲ್ಲಿ ಅರಿಶಿನ ಕಂಡುಬಂದಿದೆ." ಯಾರೋ ಒಗ್ಗರಣೆ ಹಾಕಲು ಹೊರಟಿದ್ದರೇನೋ ಎಂಬಂತೆ. ಮೂರನೆಯದನ್ನು ಇಲ್ಲಿ ಬರೆಯುವುದಕ್ಕೂ ನಾಚಿಕೆ.

ಇಪ್ಪತ್ತಾರು ವರ್ಷದಲ್ಲಿ ಯಾವ ಪಾಟಿಯ ಮೇಲೂ ನನ್ನ ತಪ್ಪು ಅಂತ ನಾನು ಬರೆದಿಲ್ಲ. ಬರೆದರೆ ಸಾವ್ಕಾರರು ಓದುತ್ತಾರೆ, ಹಮಾಲರು ಓದುತ್ತಾರೆ. ಬರೆಯದಿದ್ದರೆ ಲಿಂಗಸುಗೂರಿಗೆ ಇನ್ನೊಬ್ಬ ಹೋಗುತ್ತಾನೆ, ಇಳಿಯಲು ಬಾರದವನು ಎಂಬ ಹೆಸರು ಕನಕರಾಜನಿಗೆ ಅಂಟುತ್ತದೆ. ಹೋಗಲಿ ಅಂದುಕೊಂಡೆ. ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಗ್ಯಾನಮ್ಮ ಇವತ್ತೂ ಮೂರು ರೊಟ್ಟಿ ಹೆಚ್ಚಿಗೆ ಇಟ್ಟಿದ್ದಳು. ತಮ್ಮ ಮನೆಯಲ್ಲಿ ಮಲಗಿದ್ದಾನೆ ಅಂತ ಅವಳಿಗೆ ಗೊತ್ತಿಲ್ಲವೇ. ಉಣ್ಣಲಾಗಲಿಲ್ಲ.

ಬರೆದೆ. "ದೋಷ: ಬುಷ್‌ನಲ್ಲಿ ಭಂಡಾರ. ಹಾಕಿದವನು ಫಿಟ್ಟರ್. ಚಾಲಕ ಸರಿಯಾಗಿಯೇ ಇಳಿದಿದ್ದಾನೆ. ಗ್ಯಾನಪ್ಪ."

ಫಿಟ್ಟರ್ ಅಂತ ಸಹಿ ಮಾಡಲು ಹೋಗಿ ಹೆಸರು ಬರೆದುಬಿಟ್ಟಿದ್ದೇನೆ. ಜಾಗವಿರಲಿಲ್ಲ, ತಿದ್ದಲಿಲ್ಲ.

ನವೆಂಬರ್ 26, ಬುಧವಾರ

ಸಾವ್ಕಾರರು ಪಾಟಿಯನ್ನು ಎರಡು ಸಲ ಓದಿದರು. ಬೈಯಲಿಲ್ಲ. "ಈಗ ಸರಿ ಆಗೇತಿ ಅಂತ ಯಾರ್ ಹೇಳಬೇಕು ಗ್ಯಾನಪ್ಪಣ್ಣ?" ಅಂದರು.

"ನಾ ಹೇಳ್ತೀನ್ರಿ."

"ನೀವ್ ಹಿಂದಕ್ಕೂ ಹೇಳಿದ್ರಿ. ಶುಕ್ರವಾರ ಭಾರ ಹಾಕಿ ಜಿಗಿಸಿ ತೋರಿಸ್ರಿ. ಹನ್ನೆರಡು ಜಿಗಿತ. ಆದ್ರ ಕನಕರಾಜ ಹೋಗಲಿ. ಇಲ್ಲಂದ್ರ ಕಾಲೂ ಬ್ಯಾಡ, ಜಿಂಕಿನೂ ಬ್ಯಾಡ."

ಕನಕರಾಜ ಸಂಜೆ ಕುಂಟುತ್ತಾ ಬಂದು ಪಾಟಿ ಓದಿದ. ನಾನು ಪಾಲಿಶರಿನ ಹಿಂದೆ ಇದ್ದೆ, ಕೆಲಸವಿತ್ತು. ಅವನು ಹೋದ ಮೇಲೆ ನೋಡಿದೆ.

"ಭಂಡಾರ ಯಾರ ಹೆಸರಿಗೆ? ಚಾಲಕ."

"ಯಂತ್ರದ ಹೆಸರಿಗೆ. ಫಿಟ್ಟರ್."

ನವೆಂಬರ್ 27, ಗುರುವಾರ

ಪಾಟಿಯ ಮೇಲೆ ಬೆಳಿಗ್ಗೆ: "ಮದುವೆಯ ಚೈನ್? ಚಾಲಕ."

"ಚೈನ್ ಸರಿಯಿತ್ತು. ಫಿಟ್ಟರ್."

"ಮೂರು ಮಂದಿ ಕುಳಿತದ್ದು ನಿಜ. ಚಾಲಕ."

ಸೂಟ್‌ಕೇಸನ್ನು ಅವನು ಇನ್ನೂ ಒಪ್ಪಿಕೊಂಡಿಲ್ಲ.

ನಾಲ್ಕೂ ಬುಷ್ ಹೊಸದು ಹಾಕಿದೆ. ಗ್ರೀಸು ಕಡಲೆಕಾಳಿನಷ್ಟು. ನಾಳೆ ಜಿಗಿಯಲು ಹಮಾಲರನ್ನು ಕೇಳಿದೆ. ನೂರು ಕೆಜಿ ಚೀಲ ಹೊರುವವರು, ಒಬ್ಬರೂ ಮುಂದೆ ಬರಲಿಲ್ಲ. "ಭಾರ ಹೊರತೀವಿ ಗ್ಯಾನಪ್ಪಣ್ಣ, ಭಾರ ಆಗಂಗಿಲ್ಲ," ಅಂದ ಆದಪ್ಪ ಹಮಾಲ. ಅದೂ ಸರಿಯೇ.

ನವೆಂಬರ್ 28, ಶುಕ್ರವಾರ

ಭಾರ ಪರೀಕ್ಷೆ ನಾನೇ ಮಾಡಿದೆ. ಬೇರೆ ದಾರಿ ಇರಲಿಲ್ಲ.

ಉಸ್ಮಾನ್‌ಸಾಬ್ ಜಿಂಕೆ ಕಾಲುಗಳನ್ನು ಕೈಗೆ ಕೊಟ್ಟು ನನ್ನನ್ನು ಕಾಟಾದ ಮೇಲೆ ನಿಲ್ಲಿಸಿ, "ಅರವತ್ತೊಂದೂವರಿ. ಕಮ್ಮಿ ಬಿತ್ತು," ಅಂದ. ಕನಕರಾಜನ ತೂಕಕ್ಕೆ ಸರಿದೂಗಬೇಕು, ಇಲ್ಲದಿದ್ದರೆ ಪರೀಕ್ಷೆಗೆ ಅರ್ಥವಿಲ್ಲ. ನಮ್ಮ ಎರಡು ಜಿಂಕೆ ಮಾರ್ಕಿನ ಇಪ್ಪತ್ತೈದು ಕೆಜಿಯ ಒಂದು ಚೀಲವನ್ನು ಬೆನ್ನಿಗೆ ಹಗ್ಗದಲ್ಲಿ ಕಟ್ಟಿದರು. ಎಂಬತ್ತಾರೂವರೆ. ಅಂಗಳದ ಸುತ್ತ ಹಮಾಲರು, ಕಚೇರಿ ಬಾಗಿಲಲ್ಲಿ ಸಾವ್ಕಾರರು. ಬುತ್ತಿ ಮರೆತಿದ್ದೆ ಅಂತ ತಂದ ಗ್ಯಾನಮ್ಮ ಗೇಟಿನ ಹತ್ತಿರ. ಬುತ್ತಿ ನಾನು ಮರೆತಿರಲಿಲ್ಲ.

ಲಾರಿಯ ಹಿಂಬದಿಗೆ ಕುಳಿತು ಪಟ್ಟಿ ಬಿಗಿದುಕೊಳ್ಳುತ್ತಿದ್ದೆ. ಬೆನ್ನ ಮೇಲಿನ ಅಕ್ಕಿಯಿಂದಾಗಿ ಬಗ್ಗಲು ಆಗುತ್ತಿರಲಿಲ್ಲ. ಕನಕರಾಜ ಬಂದು ಒಂದೇ ಕೈಯಲ್ಲಿ ಪಟ್ಟಿಗಳನ್ನು ಬಿಗಿದ. ಆಮೇಲೆ ಎದುರು ನಿಂತು ಆ ಕೈಯನ್ನು ಮೇಲಕ್ಕೆ ಚಾಚಿದ. ಹಿಡಿದುಕೊಂಡು ಎದ್ದೆ. ಲಾರಿ ಅಕ್ಕಿ ತುಂಬಲು ಹೊರಟುಹೋಯಿತು.

ಮೇಲಿನಿಂದ ಮೊದಲು ಕಂಡದ್ದು ಅವನ ನೆತ್ತಿ. ಬೋಳಾಗಿದೆ. ಮದುವೆಯಲ್ಲಿ ಬಾಸಿಂಗ ನಿಲ್ಲದಷ್ಟು ದಟ್ಟ ಕೂದಲಿತ್ತು. ಯಾವಾಗ ಉದುರಿತೋ ನನಗೆ ಗೊತ್ತೇ ಇಲ್ಲ, ಒಂಬತ್ತು ವರ್ಷ ಒಂದೇ ಊರಲ್ಲಿದ್ದೇವೆ.

ಅಷ್ಟರಲ್ಲಿ ಬೆನ್ನ ಮೇಲಿನ ಚೀಲ ಎಡಕ್ಕೆ ಸರಿಯಿತು, ನಾನೂ ಸರಿದೆ.

"ಬಿಡಬ್ಯಾಡಲೇ ಕನಕಾ," ಅಂದೆ.

"ಬಿಟ್ಟಿಲ್ಲ ಮಾಮಾ," ಅಂದ. "ಕೆಳಗ ನೋಡಬ್ಯಾಡ್ರಿ. ಹೆಜ್ಜಿ ಹಾಕ್ರಿ, ನಿಂತ್ರ ಬೀಳ್ತೀರಿ."

ಹಾಕಿದೆ. ಅಂಗಳದಲ್ಲಿ ಎರಡು ಸುತ್ತು ನಡೆಸಿ ಜಿಗಿಸಿದ. ಒಂದು, ಎರಡು, ಮೂರು ಅಂತ ಹಮಾಲರೇ ಎಣಿಸಿದರು. ಆಳೆತ್ತರ ಹೋಗಲಿಲ್ಲ, ಗೇಣು ಗೇಣು. ಗೇಣಾದರೂ ಕಮಾನು ಬಗ್ಗಲೇಬೇಕು, ಬಗ್ಗಿತು. ಹನ್ನೆರಡಕ್ಕೆ ಸಾವ್ಕಾರರು ಕೈ ಎತ್ತಿ, "ಲಿಂಗಸುಗೂರಿಗಿ ಇಬ್ರೂ ಹೋಗ್ರಿ," ಅಂದು ಒಳಗೆ ಹೋದರು. ಎಡ ಕೀಲು ಸದ್ದು ಮಾಡಲಿಲ್ಲ. ಬಲಗಡೆಯದೂ ಇಲ್ಲ.

ಇಳಿಯಬೇಕೆಂದರೆ ಎತ್ತರದ ಜಾಗ ಬೇಕು, ಲಾರಿ ಹೋಗಿಯಾಗಿತ್ತು. ಈ ಕಾಲುಗಳ ಮೇಲೆ ಸುಮ್ಮನೆ ನಿಲ್ಲಲು ಬರುವುದಿಲ್ಲ, ನಡೆಯುತ್ತಲೇ ಇರಬೇಕು. ಅವನು ಕೈ ಹಿಡಿದು ಕುಂಟುತ್ತಾ, ನಾನು ಅಕ್ಕಿ ಹೊತ್ತುಕೊಂಡು, ಭತ್ತ ಒಣಹಾಕುವ ಅಂಗಳದಲ್ಲಿ ಸುತ್ತು ಹಾಕಿದೆವು. ಅವನ ಮಗಳು ಎರಡನೆಯ ತರಗತಿಯಂತೆ, ಹಲ್ಲು ಬಿದ್ದಿವೆಯಂತೆ. ಮಾವನ ಹೊಲಕ್ಕೆ ಈ ಸಲ ನೀರು ಬಂತಂತೆ. ಸೂಟ್‌ಕೇಸಿನಲ್ಲಿ ಪಾತ್ರೆಗಳಿದ್ದವಂತೆ. "ಕೊಡ ಬ್ಯಾರೆ ಇತ್ತು ಮಾಮಾ," ಅಂದ. ನನಗೂ ಹೇಳಬೇಕಾದದ್ದು ಏನೇನೋ ಇತ್ತು, ಹೇಳಿದೆ.

ಗ್ಯಾನಮ್ಮ ಬುತ್ತಿ ಹಿಡಿದುಕೊಂಡು ಅಲ್ಲೇ ನಿಂತಿದ್ದಳು. ಲಾರಿ ವಾಪಸು ಬಂದು ಅಂಗಳದಲ್ಲಿ ನಿಂತಿತು. ಆದರೂ ನಾವು ಇನ್ನೂ ಎರಡು ಸುತ್ತು ಹಾಕಿದೆವು. ಬುಷ್ ಕಾವೇರುತ್ತದೆಯೋ ಇಲ್ಲವೋ ನೋಡಬೇಕಾಗಿತ್ತು.